ನೆಟ್ ಕೆಟ್ಟಾಗ ಬರುವ ಮೈದುನ

ನನ್ನ ಮೈದುನ ಸೋಮೇಶ ನಮ್ಮ ಮನೆಗೆ ಬರಬೇಕಾದರೆ ನಮ್ಮ ಮನೆಯ ಇಂಟರ್‌ನೆಟ್ ಕೆಡಬೇಕಾಗಿತ್ತು. ಹಬ್ಬವಿರಲಿ, ಹುಣ್ಣಿಮೆಯಿರಲಿ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿರಲಿ, ಅವನು ಬರುತ್ತಿರಲಿಲ್ಲ. ನೆಟ್ ಹೋಯಿತೆಂದರೆ ಮಾತ್ರ ಅಕ್ಕಲಕೋಟೆಯಲ್ಲಿ ಸಿಕ್ಕ ಎಸ್.ಟಿ. ಬಸ್ಸು ಹತ್ತಿ, ಹೆಗಲಿಗೊಂದು ಚೀಲ ಹಾಕಿಕೊಂಡು ಸೊಲ್ಲಾಪುರಕ್ಕೆ ಬಂದುಬಿಡುತ್ತಿದ್ದ. ಇಂಥ ಸಂಬಂಧ ಲೋಕದಲ್ಲಿ ಬೇರೆ ಎಲ್ಲಾದರೂ ಇದೆಯೋ ಇಲ್ಲವೋ ನಾನರಿಯೆ. ನಮ್ಮ ಮನೆಯಲ್ಲಂತೂ ವರ್ಷಗಟ್ಟಲೆ ಹೀಗೇ ನಡೆಯಿತು.

ಇದನ್ನು ಕನ್ನಡದಲ್ಲಿ ಬರೆಯುವುದರಿಂದ ನನಗೊಂದು ಅನುಕೂಲವಿದೆ. ನಾನು ಅಕ್ಕಲಕೋಟೆಯವಳು, ಕನ್ನಡ ಸಾಲಿಯಲ್ಲಿ ಕಲಿತವಳು. ನನ್ನ ಯಜಮಾನರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮಗ ಯೋಗಿರಾಜ ಕಲಿತದ್ದು ಮರಾಠಿ ಶಾಲೆಯಲ್ಲಿ, ಅವನಿಗೆ ಕನ್ನಡದ ಅಕ್ಷರ ಕಂಡರೆ ಕಣ್ಣು ಕಟ್ಟುತ್ತದೆ. ಹಾಗಾಗಿ ಮನೆಮಂದಿಯ ಬಗ್ಗೆ ನಾನು ಏನು ಬರೆದರೂ ಹೇಳುವವರಿಲ್ಲ, ಕೇಳುವವರಿಲ್ಲ.

ಮದುವೆಯಾಗಿ ಚಾಟಿ ಗಲ್ಲಿಯ ಈ ಮನೆಗೆ ನಾನು ಕಾಲಿಟ್ಟಾಗ ಸೋಮೇಶ ಇನ್ನೂ ಚಡ್ಡಿ ಹಾಕುವ ಹುಡುಗ. ಕೆಳಗೆ ಚಾದರ, ಟವೆಲ್ಲುಗಳ ಅಂಗಡಿ, ಮೇಲೆ ಮನೆ. ನನ್ನ ಯಜಮಾನರು ಸಾತಲಿಂಗಪ್ಪನವರು ಅವನಿಗಿಂತ ಬಹಳ ದೊಡ್ಡವರು, ಅಣ್ಣ ಅನ್ನುವುದಕ್ಕಿಂತ ಅಪ್ಪ ಅನ್ನುವಂತೆ. ಅತ್ತೆ ಬೇಗ ತೀರಿಕೊಂಡರು. ಆಮೇಲೆ ಆ ಹುಡುಗನ ತಲೆಗೆ ಎಣ್ಣೆ ಹಚ್ಚಿದವಳು, ಸಾಲಿಗೆ ರೊಟ್ಟಿ ಕಟ್ಟಿಕೊಟ್ಟವಳು, ಪೆಟ್ಟು ಕೊಟ್ಟವಳು ಎಲ್ಲ ನಾನೇ. ಯೋಗಿರಾಜ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ, ಸೋಮೇಶ ನನ್ನ ಕೈಯಲ್ಲಿ ಬೆಳೆದ ಮಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಾನು ಮಾಡಿದ ಕಿತಾಪತಿಗಳು ಯಾಕೆಂದು ತಿಳಿಯಲಿ.

ಸಾಮಾನು ಬಿಚ್ಚುವುದೆಂದರೆ ಅವನಿಗೆ ಎಲ್ಲಿಲ್ಲದ ಹುರುಪು. ಒಂದು ಮಧ್ಯಾಹ್ನ ನಾನು ಎದ್ದು ನೋಡಿದರೆ ಮಾವನವರ ರೇಡಿಯೋ ಚಾಪೆಯ ಮೇಲೆ ತುಂಡುತುಂಡಾಗಿ ಬಿದ್ದಿತ್ತು. ‘ಏನು ಮಾಡಾಕತ್ತೀಯೋ?’ ಅಂದೆ. ‘ಒಳಗ ಯಾರದಾರ ನೋಡಾಕತ್ತೀನ್ರಿ ವೈನಿ’ ಅಂದ. ಅತ್ತಿಗೆಗೆ ನಮ್ಮ ಕಡೆ ವೈನಿ ಅನ್ನುತ್ತಾರೆ. ನನ್ನ ಮಿಕ್ಸರ್ ಬಿಚ್ಚಿ ಜೋಡಿಸಿದ ಮೇಲೆ ಶೇಂಗಾ ಚಟ್ನಿ ಮಾಡಲು ಹೋದರೆ ಚಟ್ನಿಯೆಲ್ಲ ಅಟ್ಟದ ತೊಲೆಗೆ ಹೋಗಿ ಅಂಟಿತು. ಅದರ ಕಲೆ ಇವತ್ತಿಗೂ ಅಲ್ಲೇ ಇದೆ. ಯಜಮಾನರು ಊಟಕ್ಕೆ ಕೂತಾಗಲೆಲ್ಲ ಮೇಲೆ ನೋಡಿ, ‘ಇವ ರಿಪೇರಿ ಮಾಡ್ಯಾನಂದ್ರ ಹೊಸಾದು ತರೂ ಹೊತ್ತು ಬಂತು ಅಂತ ತಿಳಕೋ’ ಅನ್ನುತ್ತಿದ್ದರು. ಬೈಯುವಾಗಲೂ ಮೀಸೆಯೊಳಗೆ ನಗುತ್ತಿದ್ದರು.

ದೊಡ್ಡವನಾಗಿ ಸೋಮೇಶ ಅಂಗಡಿಗೇ ಕೂತ. ಚಾದರದ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ, ನೂಲು ಎಂಥದ್ದೆಂದು ಹೇಳಿಬಿಡುತ್ತಿದ್ದ. ಅಂಗಡಿಗೆ ಕಂಪ್ಯೂಟರ್ ತಂದವನೂ ಅವನೇ. ಅದು ಯಾರ್ಯಾರದೋ ಪೆನ್‌ಡ್ರೈವ್ ಚುಚ್ಚಿಸಿಕೊಂಡು ವೈರಸ್ ಬಂದು, ಸರಿಯಾಗಿ ದೀಪಾವಳಿಯ ಗದ್ದಲದಲ್ಲಿ ಮಲಗಿಬಿಟ್ಟಿತು. ಅವನು ಎಲ್ಲ ಅಳಿಸಿ ಲಿನಕ್ಸ್ ಅನ್ನುವುದನ್ನು ಹಾಕಿದ.

‘ಇದು ಯಾವ ಕಂಪನೀದು?’ ಕೇಳಿದರು ಯಜಮಾನರು.

‘ಕಂಪನೀದಲ್ಲಣ್ಣ. ಮಂದಿ ಕೂಡಿ ಮಾಡಿದ್ದು.’

‘ಹಂಗಾರ ಮಾಲಕ ಯಾರು?’

‘ಮಾಲಕ ಅಂತ ಯಾರೂ ಇಲ್ಲ.’

‘ಮಾಲಕ ಇಲ್ಲದ ಅಂಗಡಿ ಎಷ್ಟ ದಿನ ನಡೀತೈತೋ ತಮ್ಮಾ?’

ನಡೆಯಿತು. ಎಷ್ಟು ಚೆನ್ನಾಗಿ ನಡೆಯಿತೆಂದರೆ, ಆ ಕಂಪ್ಯೂಟರ್ ಇನ್ನೂ ನಮ್ಮ ಮನೆಯಲ್ಲಿದೆ. ಕೂಡಿ ನಡೆಯದೆ ಒಡೆದದ್ದು ಮಾಲಕರಿದ್ದ ನಮ್ಮ ಮನೆಯೇ.

ಆದದ್ದಿಷ್ಟು. ಮಂಗಳವೇಢೆಯ ಕಲ್ಲಣ್ಣ ಅನ್ನುವವರು ನಮ್ಮ ಹಳೆಯ ಗಿರಾಕಿ. ಅವರು ಅಂಗಡಿಯಲ್ಲಿ ಕೂತಿದ್ದಾಗಲೇ ನೇಕಾರನೊಬ್ಬನಿಂದ ಚಾದರದ ಗಂಟು ಬಂತು. ಸೋಮೇಶ ಬಿಚ್ಚಿ, ಅಂಚು ತಿಕ್ಕಿ ನೋಡಿ, ಕಲ್ಲಣ್ಣನವರ ಎದುರಿಗೇ ಅಂದುಬಿಟ್ಟ: ‘ಮಾರ್ಕಾ ಅದಽ ಐತಿ, ಮಾಲ ಬ್ಯಾರೆ. ಇದು ಪೂರಾ ಹತ್ತಿ ಅಲ್ಲ, ಮಿಶ್ರಣ ಐತಿ. ನಾ ಇದನ್ನ ಮಾರಂಗಿಲ್ಲ.’ ಯಜಮಾನರ ಮುಖ ಕಪ್ಪಿಟ್ಟಿತು. ಅವರೇನು ಮೋಸದ ಮನುಷ್ಯರಲ್ಲ. ಗಿರಾಕಿ ಹೋದ ಮೇಲೆ ಗಂಟು ವಾಪಸು ಕಳಿಸಿ, ನೇಕಾರನನ್ನು ಕರೆದು ಬೈದು, ಅಲ್ಲಿಗೆ ಮುಗಿಸುತ್ತಿದ್ದರು. ಆದರೆ ಅಪ್ಪ ಕಟ್ಟಿದ ಅಂಗಡಿಯ ಮಾನ ಗಿರಾಕಿಯ ಮುಂದೆ ಹೋಯಿತು ಅನ್ನುವುದೇ ಅವರಿಗೆ ದೊಡ್ಡದಾಯಿತು. ತಮ್ಮನಿಗೆ ನಿಜವೇ ದೊಡ್ಡದು. ಮಾತಿಗೆ ಮಾತು ಬೆಳೆಯಿತು. ಬೆಳೆದ ಮಾತು ವಾಟಣಿಯವರೆಗೆ, ಆಸ್ತಿ ಪಾಲಾಗುವವರೆಗೆ ಹೋಯಿತು. ಅಂಗಡಿ, ಮನೆ ಅಣ್ಣನಿಗೆ ಉಳಿದವು. ತಮ್ಮ ತನ್ನ ಪಾಲು ತೆಗೆದುಕೊಂಡು ಅಕ್ಕಲಕೋಟೆಗೆ ಹೋಗಿ, ಎಸ್.ಟಿ. ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ ಇಡುವುದೆಂದಾಯಿತು.

ಹೋಗುವ ದಿನ ಇಬ್ಬರೂ ಸೇರಿ ಇನ್ನೊಂದು ಶಾಣ್ಯಾತನ ಮಾಡಿದರು. ನಮ್ಮ ಅಂಗಡಿಯ ಗಾದಿಯ ಪಕ್ಕದಲ್ಲಿ ಮಾವನವರ ಕಾಲದ ಕಬ್ಬಿಣದ ಗಜವೊಂದು ತೂಗುಹಾಕಿದೆ. ಮೀಟರು ಬಂದ ಮೇಲೆ ಅದರಿಂದ ಬಟ್ಟೆ ಅಳೆಯುವುದು ನಿಂತಿತು, ಆಣೆ ಇಡುವುದು ನಿಲ್ಲಲಿಲ್ಲ. ಗಜ ಮುಟ್ಟಿ ಕೊಟ್ಟ ಮಾತೆಂದರೆ ನಮ್ಮ ಮನೆಯಲ್ಲಿ ಸ್ಟ್ಯಾಂಪ್ ಪೇಪರಿಗಿಂತ ಹೆಚ್ಚು. ಸೋಮೇಶ ಗಜ ಮುಟ್ಟಿ, ‘ಕೆಲಸಿಲ್ಲದ ಈ ಹೊಸ್ತಿಲಾ ತುಳಿಯಂಗಿಲ್ಲ’ ಅಂದ. ಅಣ್ಣನೇನು ಕಡಿಮೆ? ಅವರೂ ಮುಟ್ಟಿ, ‘ಕೆಲಸಿಲ್ಲದ ನಾನೂ ಕರಿಯಂಗಿಲ್ಲ’ ಅಂದರು. ಆ ಗಜ ಕಿತ್ತುಕೊಂಡು ಇಬ್ಬರಿಗೂ ಎರಡೆರಡು ಬಾರಿಸಬೇಕೆಂದು ನನ್ನ ಕೈ ತುರಿಸಿತು. ಬಾರಿಸಲಿಲ್ಲ, ಒಳಗೆ ಹೋಗಿ ಅತ್ತೆ.

ಆಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ. ಸೋಮೇಶನ ಹೆಂಡತಿ ಉಜ್ವಲಾ ಬರುತ್ತಿದ್ದಳು, ಹೋಗುತ್ತಿದ್ದಳು, ಆಣೆ ಅವಳದಲ್ಲವಲ್ಲ. ನಾನು ತವರಿಗೆ ಹೋದಾಗ ಅವನ ಅಂಗಡಿಗೆ ಹೋಗಿ ಕಂಡು ಬರುತ್ತಿದ್ದೆ. ಆದರೆ ಅವನು ಈ ಮನೆಯಲ್ಲಿ ಕೂತು ಉಣ್ಣುವುದು ನಿಂತಿತು. ಯಜಮಾನರು ಊಟಕ್ಕೆ ಕೂತಾಗ ಅಟ್ಟದ ಕಡೆ ನೋಡುವುದನ್ನೇ ಬಿಟ್ಟರು.

ಹೀಗಿರುವಾಗ ಒಂದು ದಿನ ನೆಟ್ ಹೋಯಿತು.

ಅಂಗಡಿಯಲ್ಲಿ ನೂಲಿನ ಧೂಳು ಬಹಳವೆಂದು ಕಂಪ್ಯೂಟರನ್ನು ಮೇಲಿನ ಕೋಣೆಗೆ ತಂದಿಟ್ಟಿದ್ದೆವು. ನೆಟ್ಟಿನ ಡಬ್ಬಿ ಕೆಳಗೆ ಅಂಗಡಿಯಲ್ಲಿ. ನಡುವೆ ಕೇಬಲ್ ಎಳೆಯಲು ಗೋಡೆ ಕೊರೆಯಬೇಕು. ‘ಅಪ್ಪ ಕಟ್ಟಿದ ಗ್ವಾಡಿಗಿ ತೂತು ಬೀಳೂದಿಲ್ಲ’ ಅಂದಿದ್ದರು ಯಜಮಾನರು. ಅದಕ್ಕೇ ಸೋಮೇಶ ಮನೆಯಲ್ಲಿದ್ದಾಗಲೇ ಹೆಬ್ಬೆರಳಿನಷ್ಟು ಉದ್ದದ ವೈಫೈ ಕಡ್ಡಿಯೊಂದನ್ನು ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದ್ದ. ಕೆಳಗಿನ ಡಬ್ಬಿಯ ಗಾಳಿ ಆ ಕಡ್ಡಿಗೆ ಬಡಿದು ಮೇಲೆ ನೆಟ್ ಬರುತ್ತಿತ್ತು. ಕಡ್ಡಿಯಲ್ಲಿ ಸಣ್ಣ ನೀಲಿ ದೀಪ ಮಿಣುಕುತ್ತಿತ್ತು. ಆ ದಿನ ದೀಪ ಆರಿತ್ತು.

ಅಂಗಡಿಯ ಆರ್ಡರುಗಳೆಲ್ಲ ಅದರಲ್ಲೇ ಬರುತ್ತಿದ್ದವು. ಪೇಟೆಯ ರಿಪೇರಿಯವರನ್ನು ಕರೆದರೆ ಲಿನಕ್ಸ್ ಅನ್ನುತ್ತಲೇ ಕೈ ಮುಗಿದು ಹೋದರು. ನಾನು ಯಜಮಾನರ ಮುಖ ನೋಡಿದೆ. ಅವರು ‘ಕೆಲಸ ಐತಿ ಅಂತ ಹೇಳಿ ಫೋನ್ ಹಚ್ಚು ಅವಗ’ ಅಂದರು.

ಸೋಮೇಶ ಮುಂದಿನ ಬಸ್ಸಿಗೇ ಬಂದ. ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು, ‘ಕೆಲಸಕ್ಕ ಬಂದೀನ್ರಿ ವೈನಿ’ ಅಂತ ಗಟ್ಟಿಯಾಗಿ, ಗಾದಿಯಲ್ಲಿ ಕೂತ ಅಣ್ಣನಿಗೆ ಕೇಳಿಸುವಂತೆ ಹೇಳಿ ಒಳಗೆ ಬಂದ. ಕಂಪ್ಯೂಟರಿನ ಮುಂದೆ ಕೂತು ಕಪ್ಪು ಪರದೆ ತೆರೆದು ಏನೇನೋ ಬಡಿದ. ರೋಗ ಏನೆಂದು ನನಗೆ ತಿಳಿಯುವಂತೆ ಹೇಳಿದ. ಲಿನಕ್ಸಿಗೆ ಕರ್ನಲ್ ಅನ್ನುವ ಒಂದು ತಿರುಳು ಇರುತ್ತದಂತೆ. ಕಡ್ಡಿಗೂ ಆ ತಿರುಳಿಗೂ ಭಾಷೆ ಬೇರೆ, ನಡುವೆ ಒಬ್ಬ ದುಭಾಷಿ ಬೇಕು. ಅದಕ್ಕೆ ಡ್ರೈವರ್ ಅನ್ನುತ್ತಾರೆ. ಕಡ್ಡಿ ಮಾಡಿದವರು ಲಿನಕ್ಸಿಗೆ ಸರಿಯಾದ ದುಭಾಷಿ ಕೊಡಲಿಲ್ಲ. ಯಾರೋ ಪುಣ್ಯಾತ್ಮರು ಬರೆದು ಬಿಟ್ಟಿ ಇಟ್ಟಿದ್ದನ್ನು ತಂದು, ನಮ್ಮ ಮನೆಯ ತಿರುಳಿಗೆ ಹೊಂದುವಂತೆ ಇಲ್ಲೇ ಕೂತು ಕಟ್ಟಬೇಕು. ಪರದೆಯ ಮೂಲೆಯಲ್ಲಿ ಅಪ್‌ಡೇಟ್ ಮಾಡಲೇ ಎಂದು ಕೇಳುತ್ತದಲ್ಲ, ಅದನ್ನು ಯೋಗಿರಾಜ ಒತ್ತಿದ್ದ. ತಿರುಳು ಹೊಸದಾಯಿತು, ಹಳೆಯ ದುಭಾಷಿಯ ಗುರುತು ಅದಕ್ಕೆ ಹತ್ತಲಿಲ್ಲ.

‘ಹಂಗಾರ ಹೊಸಾದು ಕಟ್ಟೋ’ ಅಂದೆ.

‘ಕಟ್ಟಾಕ ಸಾಮಾನು ಬೇಕಲ್ರಿ. ಸಾಮಾನು ನೆಟ್‌ನ್ಯಾಗ ಐತಿ.’

‘ನೆಟ್ ಇಲ್ಲಲ್ಲೋ.’

‘ಅದಽ ಫಜೀತಿ ಐತ್ರಿ.’

ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅನ್ನುತ್ತಾರಲ್ಲ, ಹಾಗಾಯಿತು. ಆಗ ಅವನ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಫೋನು. ಪೆನ್‌ಡ್ರೈವ್ ಹಿಡಿದು ನವೀ ಪೇಠೆಯ ಸೈಬರ್ ಕೆಫೆಗೆ ಹೋದ. ತಂದ ಸಾಮಾನು ನಮ್ಮ ತಿರುಳಿಗೆ ಹೊಂದಲಿಲ್ಲ, ಮತ್ತೆ ಹೋದ. ಮತ್ತೇನೋ ಒಂದು ಉಳಿದಿತ್ತೆಂದು ಮತ್ತೆ ಹೋದ. ನಡುವೆ ನಾನು ಅವನನ್ನು ಹಿಡಿದು ಕೂಡಿಸಿ ಉಣ್ಣಿಸಿದೆ. ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆ. ಹಸಿದ ಹುಡುಗನ ಹಾಗೆ ತಿಂದ.

ಅಣ್ಣತಮ್ಮರು ಒಬ್ಬರಿಗೊಬ್ಬರು ಮಾತಾಡಲಿಲ್ಲ. ಆದರೆ ಯಜಮಾನರಿಗೆ ಅವತ್ತು ಮೇಲಿನ ಕೋಣೆಯಲ್ಲಿ ಕೆಲಸವೋ ಕೆಲಸ. ಒಮ್ಮೆ ಚಾಳೀಸು ಹುಡುಕಲು ಬಂದರು, ಅದು ಅವರ ಮೂಗಿನ ಮೇಲೆಯೇ ಇತ್ತು. ಒಮ್ಮೆ ಕಿಟಕಿ ತೆರೆಯಲು, ಒಮ್ಮೆ ಅದನ್ನು ಮುಚ್ಚಲು. ‘ಅವಗ ಚಾ ಬೇಕೇನ ಕೇಳು’ ಎಂದು ನನಗೆ ಹೇಳುವರು, ಅವನು ಮಾರು ದೂರದಲ್ಲಿ ಕೂತಿರುವನು. ‘ಬ್ಯಾಡಂತ ಹೇಳ್ರಿ ವೈನಿ, ಈಗ ಆತು’ ಎಂದು ಅವನು ನನಗೆ. ಕಡ್ಡಿಗೊಬ್ಬ ದುಭಾಷಿ, ಇವರಿಬ್ಬರಿಗೆ ನಾನೊಬ್ಬಳು ದುಭಾಷಿ.

ಸಂಜೆಗೆ ಪರದೆಯ ಮೇಲೆ ಸಾಲು ಸಾಲು ಅಕ್ಷರ ಓಡತೊಡಗಿದವು. ಮಳೆಗಾಲದ ಇರುವೆಗಳ ಹಾಗೆ ಮುಗಿಯದೇ ಓಡಿದವು. ಸೋಮೇಶ ಕೈಕಟ್ಟಿ ನೋಡುತ್ತ ಕೂತ. ಹಿಂದೆ ಯಜಮಾನರೂ ಉಸಿರು ಹಿಡಿದು ನಿಂತಿದ್ದರು. ಕಡ್ಡಿಯ ನೀಲಿ ದೀಪ ಮಿಣಕ್ ಎಂದಿತು. ‘ಹತ್ತಿತು!’ ಎಂದು ಮೂವರೂ ಒಟ್ಟಿಗೇ ಕೂಗಿದೆವು. ಮರುಗಳಿಗೆ ಅಣ್ಣನಿಗೆ ಆಣೆ ನೆನಪಾಗಿ ಕೆಮ್ಮುತ್ತ ಕೆಳಗಿಳಿದರು. ತಮ್ಮ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೋದ.

ಆವತ್ತು ನನಗೆ ಎರಡು ಸಂಗತಿ ತಿಳಿದವು. ಒಂದು, ಆ ಮೂಲೆಯ ಗುಂಡಿ ಒತ್ತಿದರೆ ನೆಟ್ ಹೋಗುತ್ತದೆ. ಎರಡು, ನೆಟ್ ಹೋದರೆ ಸೋಮೇಶ ಬರುತ್ತಾನೆ. ಇಷ್ಟು ತಿಳಿದ ಮೇಲೂ ಸುಮ್ಮನೆ ಕೂಡಲು ನಾನೇನು ಕಲ್ಲೇ?

ನಾಗರಪಂಚಮಿ ಬಂತು, ನೆಟ್ ಹೋಯಿತು. ದೀಪಾವಳಿ ಬಂತು, ನೆಟ್ ಹೋಯಿತು. ನಾನು ಶೇಂಗಾ ಹೋಳಿಗೆಗೆ ಹೂರಣ ಕುಟ್ಟುವುದಕ್ಕೂ ಕಂಪ್ಯೂಟರ್ ಕೆಡುವುದಕ್ಕೂ ಏನೋ ನಂಟಿದೆಯೆಂದು ಯೋಗಿರಾಜನಿಗೂ ಅನುಮಾನ ಬಂತು. ಪ್ರತಿ ಅಪ್‌ಡೇಟಿಗೂ ತಿರುಳು ಬದಲಾಗುವುದಿಲ್ಲ, ಆದ್ದರಿಂದ ಕೆಲವೊಮ್ಮೆ ಗುಂಡಿ ಒತ್ತಿದರೂ ನೆಟ್ ಗಟ್ಟಿಯಾಗಿ ನಿಂತಿರುತ್ತಿತ್ತು. ಆಗ ಮಾಡಿದ ಹೋಳಿಗೆ ಎದುರು ಮನೆಯ ಮುಕ್ತಾಬಾಯಿಯ ಪಾಲಾಗುತ್ತಿತ್ತು. ಅವಳಿಗೆ ಯಾವುದೂ ಗೊತ್ತಿಲ್ಲ, ಹೋಳಿಗೆ ರುಚಿಯಿತ್ತೆಂದು ಈಗಲೂ ನೆನೆಯುತ್ತಾಳೆ.

ಸೋಮೇಶ ಬಂದಾಗಲೆಲ್ಲ ಇಡೀ ದಿನದ ಕೆಲಸ. ಬರುಬರುತ್ತ ಅವನ ಕೈಗೆ ದೊಡ್ಡ ಫೋನು ಬಂತು, ಅದನ್ನೇ ತಂತಿಯಿಂದ ಜೋಡಿಸಿ ಸಾಮಾನು ಇಳಿಸಿಕೊಳ್ಳುತ್ತಿದ್ದ, ಕೆಫೆಗೆ ಓಡುವುದು ತಪ್ಪಿತು. ಆದರೂ ಕೆಲಸ ಮಾತ್ರ ಸಂಜೆಯವರೆಗೂ ನಡೆಯುತ್ತಿತ್ತು. ನಾನು ಯಾಕೆಂದು ಕೇಳಲಿಲ್ಲ. ಹಲ್ಲು ಕೊಟ್ಟ ದೇವರು ಕಡಲೆಯನ್ನೂ ಕೊಟ್ಟಾಗ ಲೆಕ್ಕ ಕೇಳುತ್ತ ಕೂಡಬಾರದು.

ಒಂದು ವರ್ಷ ಆ ಕಡ್ಡಿಯೇ ಹಳೆಯದಾಗಿ ಸತ್ತಿತು. ಸೋಮೇಶ ಪೇಟೆಯಿಂದ ಬೇರೊಂದು ತಂದು ಹಚ್ಚಿದ, ಸೊಗಸಾಗಿ ನಡೆಯಿತು. ಯಜಮಾನರಿಗೆ ವ್ಯಾಪಾರಿಯ ಬುದ್ಧಿ ಕೆರಳಿತು. ಸರಕು ಕೊಳ್ಳುವಾಗ ಗಂಟಿನಿಂದ ಒಂದು ಚಾದರ ಎಳೆದು ನೋಡಬೇಕು, ಅದು ಸರಿಯಿದ್ದರೆ ಗಂಟೇ ಸರಿ. ಅದು ಮಾವನವರ ಕಾಲದಿಂದ ನಮ್ಮ ಮನೆಯ ಪದ್ಧತಿ. ಒಂದು ಕಡ್ಡಿ ಸರಿಯಿದೆ, ಅದೇ ಮಾರ್ಕಾದ್ದು ಒಂದು ಡಬ್ಬಿ ತುಂಬ ಕಡ್ಡಿ ತಂದಿಟ್ಟರೆ ಜೀವಮಾನಕ್ಕೆ ಸಾಕು ಎಂದುಕೊಂಡು ತಂದೇಬಿಟ್ಟರು. ಮುಂದಿನ ಸಲ ಸೋಮೇಶ ಬಂದಾಗ ಡಬ್ಬಿಯನ್ನು ಅವನ ಮುಂದೆ ಇಡುವಂತೆ ನನ್ನ ಕೈಗೆ ಕೊಟ್ಟು, ತಾವು ಬಾಗಿಲಲ್ಲಿ ಎದೆಯುಬ್ಬಿಸಿ ನಿಂತರು.

ಸೋಮೇಶ ಒಂದು ಚುಚ್ಚಿದ. ದೀಪ ಹತ್ತಲಿಲ್ಲ. ಇನ್ನೊಂದು ಚುಚ್ಚಿದ. ಹತ್ತಲಿಲ್ಲ. ಕಪ್ಪು ಪರದೆಯಲ್ಲಿ, ನೀನು ಯಾರು ಎಂದು ಕಡ್ಡಿಯನ್ನೇ ಕೇಳುವ ಒಂದು ಅಪ್ಪಣೆ ಇದೆ. ಅದನ್ನು ಬಡಿದು ನೋಡಿ ತಲೆ ಅಲ್ಲಾಡಿಸಿದ. ‘ಹೊರಗಿನ ಹೆಸರು ಅದಽ ಐತ್ರಿ ವೈನಿ, ಒಳಗಿನ ಚಿಪ್ ಬ್ಯಾರೆ ಹಾಕ್ಯಾರ. ಇದರ ದುಭಾಷಿ ಇನ್ನೂ ಯಾರೂ ಬರದಿಲ್ಲ.’

ಯಜಮಾನರಿಗೆ ತಡೆಯಲಾಗಲಿಲ್ಲ. ‘ಅಂದ್ರ ಮಾರ್ಕಾ ಅದಽ, ಮಾಲ ಬ್ಯಾರೆ! ಇದು ಲುಚ್ಚತನ ಅಲ್ಲೇನು? ತಗೊಳ್ಳಾವಗ ಮದಲಽ ಹೇಳಬೇಕೋ ಬ್ಯಾಡೋ?’ ಎಂದು ಕೂಗಾಡಿದರು.

ಅಂದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತು. ಸೋಮೇಶ ತಲೆ ಎತ್ತಲಿಲ್ಲ. ಎತ್ತಿದ್ದರೆ, ಆವತ್ತು ಕಲ್ಲಣ್ಣನ ಮುಂದ ನಾ ಹೇಳಿದ್ದೂ ಇದಽ ಅಲ್ಲೇನು ಎಂದು ಕೇಳಬಹುದಿತ್ತು. ಕೇಳುವ ಹಕ್ಕೂ ಇತ್ತು. ಕೇಳಲಿಲ್ಲ, ಅದು ಅವನ ದೊಡ್ಡತನ. ಯಜಮಾನರು ಸರಸರನೆ ಕೆಳಗಿಳಿದು ಹೋದರು. ಸ್ವಲ್ಪ ಹೊತ್ತಿಗೆ ಒಂದು ಹೊಸ ಚಾದರ ಹಿಡಿದು ಬಂದು, ಅವನ ಚೀಲದ ಮೇಲೆ ಇಟ್ಟು, ಮಾತಿಲ್ಲದೆ ಹೊರಟುಹೋದರು. ಸೋಮೇಶ ಅದರ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿದ. ‘ಪೂರಾ ಹತ್ತಿ ಐತ್ರಿ ವೈನಿ’ ಅಂದ. ಅವನ ಕಣ್ಣಲ್ಲಿ ನೀರಿತ್ತು.

ನಾನು ಇನ್ನೇನು ಎಲ್ಲ ಸರಿಹೋಯಿತು ಅಂದುಕೊಂಡೆ. ಸರಿಹೋಗಲಿಲ್ಲ. ಸಿಟ್ಟು ಹೋಗಿತ್ತು, ಆಣೆ ಉಳಿದಿತ್ತು. ಸಿಟ್ಟಿಗಾದರೆ ಔಷಧವಿದೆ, ವ್ಯಾಪಾರಿಯ ಮಾತಿಗೆ ಏನಿದೆ?

ಆಮೇಲೆ ಕೊರೊನಾ ಬಂತು. ಬಸ್ಸು ನಿಂತವು, ಅಂಗಡಿ ಮುಚ್ಚಿತು. ಕಂಪ್ಯೂಟರಿನಲ್ಲಿ ಬರುವ ನಾಲ್ಕು ಆರ್ಡರುಗಳೇ ಮನೆಗೆ ಆಧಾರ. ಅಂಥ ಹೊತ್ತಿನಲ್ಲಿ ನೆಟ್ ಹೋಯಿತು. ಈ ಸಲ ನಾನು ಒತ್ತಿದ್ದಲ್ಲ, ದೇವರಾಣೆ, ಅದು ತಾನೇ ಅಪ್‌ಡೇಟ್ ಮಾಡಿಕೊಂಡಿತ್ತು. ಸೋಮೇಶ ಬರುವ ಹಾಗಿಲ್ಲ. ಫೋನಿನಲ್ಲಿ ಬಹಳ ಹೊತ್ತು ತಡೆದು ತಡೆದು ಹೇಳಿದ: ‘ವೈನಿ, ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡ್ರಿ. ಚಾಲೂ ಆಗೂಮುಂದ ನಾ ಹೇಳೂ ಗುಂಡಿ ಒತ್ತಿ ಹಿಡೀರಿ. ಒಂದು ಯಾದಿ ಬರ್ತೈತಿ. ಅದರಾಗ ಹಳೇ ಕರ್ನಲ್ ಐತಿ ನೋಡ್ರಿ, ಅದನ್ನ ಆರಿಸ್ರಿ.’

ಆರಿಸಿದೆ. ಹಳೆಯ ತಿರುಳಿಗೆ ಹಳೆಯ ದುಭಾಷಿಯ ಗುರುತು ಸಿಕ್ಕಿತು. ನಾನು ಒಲೆಯ ಮೇಲಿಟ್ಟ ಚಹಾ ಕುದಿಯುವ ಮೊದಲೇ ನೀಲಿ ದೀಪ ಹತ್ತಿತು.

‘ಇಷ್ಟಽ ಇತ್ತೇನೋ ಸೋಮು?’ ಅಂದೆ.

‘ಇಷ್ಟಽ ಇತ್ರಿ ವೈನಿ.’

‘ಮದಲಿಂದ ಗೊತ್ತಿತ್ತೇನು?’

‘ಮದಲಿಂದ ಗೊತ್ತಿತ್ತು. ತಿರುಗಿ ಕೆಡಲಾರದಂಗ ಮಾಡೂದೂ ಗೊತ್ತಿತ್ತು. ಮಾಡಿದ್ರ ನೀವು ಯಾತಕ್ಕ ಕರೀತಿದ್ರಿ?’

ಗುಂಡಿ ಒತ್ತುತ್ತಿದ್ದವಳು ನಾನೇ ಎಂದು ಆಗ ಅವನಿಗೆ ಹೇಳಿದೆ. ಅವನು ನಕ್ಕ, ನಾನೂ ನಕ್ಕೆ, ಆಮೇಲೆ ಇಬ್ಬರೂ ಅತ್ತೆವು. ತಿರುಗಿ ನೋಡಿದರೆ ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಫೋನಿನ ಸ್ಪೀಕರ್ ಹಾಕಿದ್ದೆ, ಎಲ್ಲ ಕೇಳಿಸಿಕೊಂಡಿದ್ದರು. ಬೈಯುತ್ತಾರೆ ಅಂದುಕೊಂಡೆ. ‘ಚಾ ಉಕ್ಕಾಕತ್ತೈತಿ ನೋಡು’ ಎಂದಷ್ಟೇ ಹೇಳಿ ಹೋದರು. ಬಸ್ಸು ಮತ್ತೆ ಓಡತೊಡಗಿದ ಮೇಲೆ ನೆಟ್ ಮೊದಲಿನಂತೆಯೇ ಹಬ್ಬಕ್ಕೊಮ್ಮೆ ಕೆಡುತ್ತಿತ್ತು, ಸೋಮೇಶ ಮೊದಲಿನಂತೆಯೇ ಬರುತ್ತಿದ್ದ. ಹಳೆಯದನ್ನು ಆರಿಸುವ ಸುದ್ದಿಯನ್ನು ನಾವು ಮೂವರೂ ಎತ್ತಲಿಲ್ಲ.

ಹೀಗೇ ನಡೆದುಕೊಂಡು ಹೋಗಿದ್ದರೆ ನನ್ನದೇನೂ ತಕರಾರಿರಲಿಲ್ಲ. ಎರಡು ವರ್ಷದ ಹಿಂದೆ ಪಂಚಮಿಯ ಮುನ್ನಾದಿನ ಗುಂಡಿ ಒತ್ತಿದೆ. ದೊಡ್ಡ ಅಪ್‌ಡೇಟು, ಬಹಳ ಹೊತ್ತು ತೆಗೆದುಕೊಂಡಿತು. ಮುಗಿದು ಕಂಪ್ಯೂಟರ್ ಎದ್ದಿತು, ನೀಲಿ ದೀಪವೂ ಎದ್ದಿತು. ಮಿಣಮಿಣ ಎಂದು ನಗುತ್ತಿತ್ತು. ನಾನು ಬಂದ್ ಮಾಡಿ ಚಾಲೂ ಮಾಡಿದೆ. ಕಡ್ಡಿ ಕಿತ್ತು ಮತ್ತೆ ಚುಚ್ಚಿದೆ. ಮಾಡಬಾರದ್ದೆಲ್ಲ ಮಾಡಿದೆ. ನೆಟ್ ಹೋಗಲಿಲ್ಲ.

ಆ ವಾರ ಅಕ್ಕಲಕೋಟೆಗೆ ಹೋಗಿ ಅವನ ಅಂಗಡಿಯಲ್ಲಿ ಕೂತು ಜಗಳ ತೆಗೆದೆ. ‘ಏನಾಗೇತಿ ಅದಕ್ಕ?’ ಎಂದು ಕೇಳಿದೆ. ಅವನು ಸಣ್ಣಗೆ ನಕ್ಕ. ‘ಕೆಟ್ಟಿಲ್ರಿ ವೈನಿ, ಸುಧಾರಿಸೇತಿ. ಆ ದುಭಾಷಿನ್ನ ಈಗ ಕರ್ನಲ್‌ನ್ಯಾಗಽ ಸೇರಿಸ್ಯಾರ. ಇನ್ನ ಯಾರೂ ಕಟ್ಟೂದು ಬ್ಯಾಡ. ಚುಚ್ಚಿದ್ರ ಆತು.’ ಅವನ ಅಂಗಡಿಗೂ ಅದಕ್ಕಾಗಿ ಬರುವವರು ಕಡಿಮೆ ಆಗಿದ್ದರು. ಮೊದಲು ತಡವಳದಿಂದ, ಚಪಳಗಾಂವದಿಂದ ಮಂದಿ ಹಳೆಯ ಕಂಪ್ಯೂಟರುಗಳನ್ನು ಮೋಟರ್‌ಸೈಕಲ್ಲಿಗೆ ಕಟ್ಟಿಕೊಂಡು ಬಂದು, ಕಡ್ಡಿ ಹತ್ತಿಸಿಕೊಂಡು ಹೋಗುತ್ತಿದ್ದರು. ಹತ್ತಿದೊಡನೆ ಅವನ ಅಂಗಡಿಯಲ್ಲಿ ಒಂದು ಸಣ್ಣ ಗದ್ದಲ, ಒಂದು ಸುತ್ತು ಚಹಾ. ಈಗ ಎಲ್ಲ ತಾನಾಗಿಯೇ ಹತ್ತುತ್ತದೆ, ಯಾರಿಗೂ ಸಂತೋಷವಿಲ್ಲ. ಸುಧಾರಣೆ ಆಗಬಾರದೆಂದು ನಾನು ಹೇಳುವುದಿಲ್ಲ. ಆದರೆ ನನ್ನ ಹೊಟ್ಟೆ ಉರಿಯಿತು, ಅದನ್ನು ಯಾಕೆ ಮುಚ್ಚಿಡಲಿ?

‘ಕೆಲಸಿಲ್ಲಂದ್ರೂ ಬಾರೋ. ನಾ ಕರ್ಯಾಕತ್ತೀನಿ’ ಅಂದೆ.

‘ಗಜಾ ಮುಟ್ಟೀನ್ರಿ ವೈನಿ. ಅಣ್ಣನೂ ಮುಟ್ಟ್ಯಾನ’ ಅಂದ.

ಪಂಚಮಿ ಹೋಯಿತು, ದೀಪಾವಳಿ ಹೋಯಿತು, ಸಂಕ್ರಮಣ ಹೋಯಿತು. ಆಗಾಗ ಫೋನು ಮಾಡಿ, ‘ವೈನಿ, ನೆಟ್ ಬರೋಬ್ಬರಿ ಐತೇನ್ರಿ?’ ಎಂದು ಕೇಳುತ್ತಿದ್ದ. ಐತಿ ಅಂದರೆ, ‘ಛಲೋ ಆತು’ ಅನ್ನುತ್ತಿದ್ದ. ಆ ಛಲೋ ಕೇಳಿದರೆ ನನಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಯಜಮಾನರಿಗೂ ಇಳಿಯುತ್ತಿರಲಿಲ್ಲ, ಅದು ಅವರ ತಾಟು ನೋಡಿದರೆ ತಿಳಿಯುತ್ತಿತ್ತು.

ಮುಂದಿನ ಶ್ರಾವಣದ ಒಂದು ಸೋಮವಾರ ನಾನು ಪೂಜೆ ಮುಗಿಸಿ ಬಂದಾಗ ಯಜಮಾನರು ಕಂಪ್ಯೂಟರಿನ ಮುಂದೆ ಕೂತಿದ್ದರು. ಅವರು ಎಂದೂ ಅಲ್ಲಿ ಕೂಡುವವರಲ್ಲ. ಕಡ್ಡಿಯ ನೀಲಿ ದೀಪ ನೆಟ್ಟಗೆ ಮಿಣುಕುತ್ತಿತ್ತು. ಅವರು ಅದನ್ನೇ ನೋಡುತ್ತ ಕಿವಿಗೆ ಫೋನು ಹಿಡಿದಿದ್ದರು.

‘ಸೋಮೂ, ನಾ ಮಾತಾಡಾಕತ್ತೀನಿ’ ಅಂದರು. ‘ನೆಟ್ ಹೋಗೇತಿ. ಕೆಲಸ ಐತಿ, ಬಾ.’

ನಾನು ಬಾಗಿಲನ್ನು ಹಿಡಿದು ನಿಂತುಬಿಟ್ಟೆ. ನನ್ನ ಯಜಮಾನರಿಗೆ ಸುಮ್ಮನಿರುವುದು ಗೊತ್ತು, ಸುಳ್ಳು ಹೇಳುವುದು ಗೊತ್ತಿಲ್ಲ. ಮದುವೆಯಾದಾಗಿನಿಂದ ಅವರ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು. ಅದಕ್ಕಿಂತ ಛಲೋ ಮಾತನ್ನೂ ನಾನು ಕೇಳಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸೋಮೇಶ ಬಂದ. ಹೊಸ್ತಿಲಲ್ಲಿ ‘ಕೆಲಸಕ್ಕ ಬಂದೀನಿ’ ಎಂದು ಹೇಳುವುದನ್ನೂ ಮರೆತು ದಡದಡ ಮೆಟ್ಟಿಲೇರಿದ. ಕೋಣೆಗೆ ಬಂದವನೇ ಮೊದಲು ಕಡ್ಡಿಯನ್ನು ನೋಡಿದ. ದೀಪ ಹತ್ತಿತ್ತು. ಪರದೆಯಲ್ಲಿ ಅವತ್ತಿನ ಆರ್ಡರುಗಳು ತೆರೆದೇ ಇದ್ದವು, ಮುಚ್ಚಲು ಯಜಮಾನರಿಗೆ ಬಂದಿರಲಿಲ್ಲ. ಸೋಮೇಶ ಅಣ್ಣನ ಮುಖ ನೋಡಿದ. ಅಣ್ಣ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ನಡೆಯುತ್ತಿದೆ ಎಂಬಂತೆ ಹೊರಗೆ ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು.

ಸೋಮೇಶ ಚೀಲ ಇಳಿಸಿದ. ಕುರ್ಚಿ ಎಳೆದುಕೊಂಡು ಕೂತು, ಕಪ್ಪು ಪರದೆ ತೆರೆದು, ನಾಲ್ಕು ಸಾಲು ಬಡಿದು, ಕತ್ತು ಓರೆ ಮಾಡಿ ನೋಡಿದ. ಡಾಕ್ಟರರು ನಾಡಿ ಹಿಡಿದಾಗ ಮಾಡುತ್ತಾರಲ್ಲ, ಅಂಥ ಮುಖ ಮಾಡಿದ.

‘ಅಣ್ಣಾ,’ ಅಂದ, ‘ಭಾಳ ಕೆಟ್ಟೈತಿ.’

‘ಹೌದೇನು?’

‘ಹೌದು. ಕೆಲಸ ಭಾಳ ಐತಿ. ಸಂಜೀತನಕ ಆಗಬಹುದು.’

ಯಜಮಾನರು ಕಿಟಕಿ ಬಿಟ್ಟು ಬಂದು ಅವನ ಹಿಂದೆ ನಿಂತು, ಹೆಗಲ ಮೇಲೆ ಕೈ ಇಟ್ಟರು.

‘ಗಡಬಡ ಮಾಡಬ್ಯಾಡ,’ ಅಂದರು. ‘ಉಳದ್ರ ನಾಳೆ ಬಂದು ಮಾಡು.’